ಜೇನ್ ಆಸ್ಟಿನ್ ಕಾದಂಬರಿಗಳ ಹಳೇ ಚಿತ್ರಗಳನ್ನ ನೋಡೋದು ಹೇಗೆ: ಬಟ್ಟೆ ಯಾವ ಕಾಲದ್ದು, ಮನೆಗೆ ಬಂದೋರು ಯಾರು

ಪ್ರೈಡ್ ಅಂಡ್ ಪ್ರೆಜುಡೀಸ್ ಅಂತ ಗೂಗಲ್ ಇಮೇಜಸ್ಸಲ್ಲಿ ಹುಡುಕಿದ್ರೆ ಸಿನಿಮಾ ಫೋಟೋಗಳ ಮಧ್ಯೆ ಕಪ್ಪು ಇಂಕಿನ ರೇಖಾಚಿತ್ರಗಳೂ ಬರ್ತಾವಲ್ಲ, ಎದೆ ಕೆಳಗೇ ಕಟ್ಟಿದ ಗೌನು ಹಾಕ್ಕೊಂಡ ಹುಡುಗೀರು, ಕೈಯಲ್ಲಿ ಹ್ಯಾಟ್ ಹಿಡ್ಕೊಂಡು ಬಗ್ಗಿ ವಂದನೆ ಮಾಡೋ ಗಂಡಸರು, ಅವು ಆಸ್ಟಿನ್ ಕಾಲದಲ್ಲೇ ಬರೆದದ್ದು ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಅಲ್ಲ. 1811ರಿಂದ 1817ರ ಕೊನೇವರೆಗೆ ಇಂಗ್ಲೆಂಡಲ್ಲಿ ಬಂದ ಅವರ ಆರೂ ಕಾದಂಬರಿಗಳ ಮೊದಲ ಮುದ್ರಣದಲ್ಲಿ ಒಂದೇ ಒಂದು ಚಿತ್ರ ಇರಲಿಲ್ಲ. 1817ರ ಜುಲೈನಲ್ಲಿ ಆಸ್ಟಿನ್ ತೀರಿಕೊಂಡ್ರು, ಅಂದ್ರೆ ಪ್ರೈಡ್ ಅಂಡ್ ಪ್ರೆಜುಡೀಸ್‌ನ ನಾಯಕಿ ಎಲಿಜಬೆತ್‌ನ ಯಾರೋ ಕಲಾವಿದರು ಪುಸ್ತಕಕ್ಕೆ ಅಂತ ಬರೆದದ್ದನ್ನ ಅವರು ನೋಡಲೇ ಇಲ್ಲ. ಆದ್ರೆ 1813ರ ಮೇನಲ್ಲಿ ಲಂಡನ್ನಿನ ಒಂದು ಚಿತ್ರ ಪ್ರದರ್ಶನಕ್ಕೆ ಹೋದಾಗ ಅಲ್ಲಿದ್ದ ಯಾರದೋ ಒಂದು ಚಿಕ್ಕ ಭಾವಚಿತ್ರ ನೋಡಿ ಇದು ನಮ್ಮ ಮಿಸೆಸ್ ಬಿಂಗ್ಲಿಯೇ (ಕಾದಂಬರೀಲಿ ಎಲಿಜಬೆತ್ ಅಕ್ಕ ಜೇನ್, ಬಿಂಗ್ಲಿನ ಮದುವೆ ಆದೋಳು), ಬಿಳಿ ಗೌನು, ಹಸಿರು ಅಲಂಕಾರ, ಅವಳಿಗೆ ಹಸಿರಂದ್ರೆ ಇಷ್ಟ ಅಂತ ನಂಗೆ ಮೊದಲೇ ಅನಿಸಿತ್ತು ಅನ್ನೋ ಅರ್ಥದಲ್ಲಿ ಅಕ್ಕ ಕಸ್ಸಾಂಡ್ರಾಗೆ ಕಾಗದ ಬರೆದ್ರು, ಮಿಸೆಸ್ ಡಾರ್ಸಿ, ಅಂದ್ರೆ ಮದುವೆ ಆದ ಮೇಲಿನ ಎಲಿಜಬೆತ್, ಸಿಕ್ಕಿದ್ರೆ ಹಳದೀಲಿ ಇರ್ತಾಳೆ ಅಂತಾನೂ ಸೇರಿಸಿದ್ರು.

ಮಜಾ ಏನಂದ್ರೆ ಈ ಹಸಿರು ಹಳದಿ ಕಾದಂಬರೀಲಿ ಎಲ್ಲೂ ಬರಲ್ಲ. ಆಸ್ಟಿನ್ ಬಟ್ಟೆ ಬಗ್ಗೆ ಬರೆಯೋದು ತೀರಾ ಕಮ್ಮಿ, ಆದ್ರೆ ಯಾರು ಯಾರ ಮನೆಗೆ ಯಾವಾಗ ಹೋದ್ರು, ಎಷ್ಟು ನಿಮಿಷ ಕೂತ್ರು ಅನ್ನೋದನ್ನ ಲೆಕ್ಕ ಇಟ್ಟು ಬರೀತಾರೆ. ಹಾಗಾಗಿ ಈ ಚಿತ್ರಗಳಲ್ಲಿ ಬಟ್ಟೆ ಚಿತ್ರಕಾರರದ್ದು, ಭೇಟಿ ಆಸ್ಟಿನ್ ಅವರದ್ದು. ಇದೊಂದನ್ನ ತಲೇಲಿ ಇಟ್ಕೊಂಡು ನೋಡೋಕೆ ಕೂತ್ರೆ ಚಿತ್ರ ಬೇರೇನೇ ಕಾಣತ್ತೆ. ಎಂಎ ಇಂಗ್ಲಿಷ್ ಓದೋರು, ಕ್ಲಾಸಿಗೆ ಸ್ಲೈಡ್ ಮಾಡೋ ಮೇಷ್ಟ್ರುಗಳು, ಅನುವಾದ ಮಾಡ್ತಾ ಈ ಸ್ಪೆನ್ಸರ್ ಅಂದ್ರೆ ಏನಪ್ಪಾ ಅಂತ ತಲೆ ಕೆರ್ಕೊಳ್ಳೋರು, ಎಲ್ಲರಿಗೂ ಆಗೋ ಹಾಗೆ ಒಂದೊಂದೇ ಹೆಜ್ಜೆ ಬರೆದಿದೀನಿ.

ಹೆಜ್ಜೆ 1: ಮೊದಲು ಚಿತ್ರದ ವರ್ಷ, ಆಮೇಲೆ ಕಥೆ

ಚಿತ್ರ ಸಿಕ್ಕ ತಕ್ಷಣ ಅದರಲ್ಲಿ ಯಾರಿದಾರೆ ಅಂತ ನೋಡೋಕೆ ಹೋಗ್ಬೇಡಿ. ಬರೆದೋರು ಯಾರು, ಯಾವ ವರ್ಷ ಅಂತ ನೋಡಿ. ಪಿಂಟರೆಸ್ಟಲ್ಲಿ ಕೆಳಗೆ ಹಾಕಿರೋ ಹೆಸರು ನಂಬೋ ಹಾಗಿಲ್ಲ, ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ಹೆಸರು ಇರೋದು ಅಲ್ಲಿ ಮಾಮೂಲು. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡೀ ಪುಸ್ತಕದ ಸ್ಕ್ಯಾನ್ ಸಿಗತ್ತೆ, ಟೈಟಲ್ ಪೇಜ್ ತೆಗೆದು ನೋಡಿದ್ರೆ ಪ್ರಕಾಶಕರು, ವರ್ಷ, ಕಲಾವಿದರು ಮೂರೂ ಒಟ್ಟಿಗೆ ಸಿಗ್ತಾವೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲೂ ಚಿತ್ರ ಇರೋ ಆವೃತ್ತಿ ಇದೆ.

ನಿಮಗೆ ಸಿಗೋ ಚಿತ್ರಗಳು ಹೆಚ್ಚುಕಮ್ಮಿ ಮೂರು ಗುಂಪಿನವು. ಮೊದಲನೇದು ರಿಚರ್ಡ್ ಬೆಂಟ್ಲಿ ಅನ್ನೋ ಪ್ರಕಾಶಕರ ಸ್ಟಾಂಡರ್ಡ್ ನಾವೆಲ್ಸ್ ಮಾಲೆ, 1833ರದ್ದು, ಚಿತ್ರ ಬರೆದೋರು ಫರ್ಡಿನಾಂಡ್ ಪಿಕರಿಂಗ್, ಉಕ್ಕಿನ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದ್ದು, ಪುಸ್ತಕಕ್ಕೆ ಒಂದೋ ಎರಡೋ ಅಷ್ಟೇ. ಎರಡನೇದು ಹ್ಯೂ ಥಾಮ್ಸನ್. ಐರ್ಲೆಂಡಿನ ಕೋಲ್‌ರೇನ್ ಊರಿನವರು, 1860ರಲ್ಲಿ ಹುಟ್ಟಿದ್ದು. 1894ರಲ್ಲಿ ಜಾರ್ಜ್ ಅಲೆನ್ ಪ್ರಕಟಿಸಿದ ಪ್ರೈಡ್ ಅಂಡ್ ಪ್ರೆಜುಡೀಸ್‌ಗೆ ನೂರೈವತ್ತಕ್ಕೂ ಜಾಸ್ತಿ ಚಿತ್ರ ಬರೆದ್ರು, ಹಸಿರು ರಟ್ಟಿನ ಮೇಲೆ ಚಿನ್ನದ ಬಣ್ಣದ ನವಿಲು ಗರಿ ಬಿಚ್ಕೊಂಡು ನಿಂತಿರೋ ಮುಖಪುಟ ನೀವು ಎಲ್ಲಾದ್ರೂ ನೋಡೇ ಇರ್ತೀರ, ಬ್ಯಾಗು ಕಪ್ಪು ನೋಟ್‌ಬುಕ್ಕು ಎಲ್ಲದರ ಮೇಲೂ ಈಗ ಅದೇ. ಉಳಿದ ಕಾದಂಬರಿಗಳಿಗೆ ಅವರು 1896, 97ರಲ್ಲಿ ಮ್ಯಾಕ್‌ಮಿಲನ್‌ಗೆ ಬರೆದುಕೊಟ್ರು. ಮೂರನೇದು ಕೇಂಬ್ರಿಜ್‌ನ ಬ್ರಾಕ್ ಅಣ್ಣತಮ್ಮಂದಿರು, ಸಿ. ಇ. ಬ್ರಾಕ್ ಮತ್ತು ಎಚ್. ಎಂ. ಬ್ರಾಕ್. ಅಣ್ಣ 1895ರಲ್ಲಿ ಮ್ಯಾಕ್‌ಮಿಲನ್‌ಗೆ ಕಪ್ಪುಬಿಳುಪಲ್ಲಿ, ಇಬ್ಬರೂ ಸೇರಿ 1898ರಲ್ಲಿ ಡೆಂಟ್‌ಗೆ ಬಣ್ಣದಲ್ಲಿ, ಮತ್ತೆ ಅಣ್ಣ 1907ರಿಂದ ಇನ್ನೊಂದು ಸಲ ಡೆಂಟ್‌ಗೆ ಬಣ್ಣದಲ್ಲಿ. ಒಂದೇ ಕಲಾವಿದರು ಒಂದೇ ಕಾದಂಬರಿಗೆ ಎರಡೆರಡು ಸಲ ಬರೆದಿರೋದ್ರಿಂದ ಬರೀ ಬ್ರಾಕ್ ಅಂತ ಬರ್ಕೊಂಡ್ರೆ ಸಾಲದು, ವರ್ಷ ಬೇಕೇ ಬೇಕು.

ಅಂದ್ರೆ ಥಾಮ್ಸನ್ ಮತ್ತು ಬ್ರಾಕ್ ಚಿತ್ರಗಳು ಕಾದಂಬರಿ ಬಂದು ಎಂಬತ್ತು ವರ್ಷದ ಮೇಲೆ ಬಂದದ್ದು. ಅವರಿಗೂ ಅದು ಅಜ್ಜಿ ಮುತ್ತಜ್ಜಿ ಕಾಲ. ಬ್ರಾಕ್ ಅಣ್ಣತಮ್ಮಂದಿರು ತಮ್ಮ ಸ್ಟುಡಿಯೋದಲ್ಲಿ ಹಳೇ ಗೌನು, ಕೋಟು, ಕುರ್ಚಿ ಮೇಜು ಎಲ್ಲ ಕೂಡಿಸಿಟ್ಕೊಂಡು, ಪರಿಚಯದೋರಿಗೆ ಅವನ್ನ ತೊಡಿಸಿ ನಿಲ್ಲಿಸಿ ಬರೀತಿದ್ರು. ಅಷ್ಟು ಕಷ್ಟಪಟ್ಟಿದ್ದಕ್ಕೇ ಬಟ್ಟೆ ಬಹಳ ಕಡೆ ಸರಿಯಾಗೇ ಇದೆ, ಆದ್ರೆ ಆ ಬಟ್ಟೆ ಹಾಕ್ಕೊಂಡು ನಿಂತಿರೋ ಮುಖ ಮತ್ತು ನಗು 1890ರ ದಶಕದ್ದು, ಹಳ್ಳಿ ಇಂಗ್ಲೆಂಡ್ ಎಷ್ಟು ಚೆಂದ ಇತ್ತು ಅನ್ನೋ ಹಂಬಲದ್ದು. ಆಸ್ಟಿನ್ ಅಷ್ಟು ಸಿಹಿ ಅಲ್ಲ, ನನ್ನ ಕೇಳಿದ್ರೆ.

ಹೆಜ್ಜೆ 2: ಸೊಂಟ ಎಲ್ಲಿದೆ, ತೋಳು ಹೇಗಿದೆ

ಹಳೇ ಕಪ್ಪುಬಿಳುಪು ಪಿಕ್ಚರ್ ಟೀವೀಲಿ ಬಂದಾಗ ಬ್ಲೌಸಿನ ತೋಳು ನೋಡೇ ಇದು ಇಂಥಾ ಕಾಲದ್ದು ಅಂತ ಅಮ್ಮಂದಿರು ಹೇಳ್ಬಿಡ್ತಾರಲ್ಲ, ಇಲ್ಲೂ ಅದೇ ವಿದ್ಯೆ.

ರೀಜೆನ್ಸಿ ಅಂದ್ರೆ ಲೆಕ್ಕದ ಪ್ರಕಾರ 1811ರಿಂದ 1820, ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ವಾಧೀನ ತಪ್ಪಿ ಮಗ ರಾಜಪ್ರತಿನಿಧಿಯಾಗಿ ಆಳಿದ ಒಂಬತ್ತು ವರ್ಷ. ಬಟ್ಟೆ ವಿಷಯದಲ್ಲಿ ಮಾತ್ರ 1790ರ ದಶಕದ ಕೊನೇಯಿಂದ 1820ರ ಸುತ್ತಮುತ್ತಲವರೆಗೆ ಎಲ್ಲ ಸೇರಿಸಿ ಹಾಗಂತಾರೆ. ಆ ಕಾಲದ ಗೌನಿನ ಸೊಂಟದ ಗೆರೆ ಎದೆ ಕೆಳಗೇ ಇರತ್ತೆ, ಅಲ್ಲಿಂದ ಬಟ್ಟೆ ನೇರ ಪಾದದವರೆಗೆ ಇಳಿಯತ್ತೆ, ಒಳಗೆ ಬುಟ್ಟಿ ಹಾಗೆ ಉಬ್ಬಿಸೋ ಸರಂಜಾಮು ಇಲ್ಲ. 1810 ದಾಟಿದ ಮೇಲೆ ಅಂಚಲ್ಲಿ ಫ್ರಿಲ್ಲು, ಪಟ್ಟಿ, ಕಸೂತಿ ಜಾಸ್ತಿ ಆಗ್ತಾ ಬರತ್ತೆ, ಲಂಗ ಸ್ವಲ್ಪ ಅಗಲ ಆಗತ್ತೆ. 1820ರ ದಶಕದಲ್ಲಿ ಸೊಂಟ ಕೆಳಗಿಳೀತಾ ಬಂದು ದಶಕ ಮುಗಿಯೋ ಹೊತ್ತಿಗೆ ತನ್ನ ಜಾಗಕ್ಕೆ ಬಂದು ಕೂರತ್ತೆ, ತೋಳು ಬಲೂನ್ ಹಾಗೆ ಊದ್ಕೊಳ್ಳತ್ತೆ.

ಈಗ ಪಿಕರಿಂಗ್ ಅವರ 1833ರ ಚಿತ್ರ ತೆಗೀರಿ. ಎಲಿಜಬೆತ್ ತಂಗಿ ಲಿಡಿಯಾಗೋಸ್ಕರ ಡಾರ್ಸಿ ಏನೆಲ್ಲ ಮಾಡಿದ ಅಂತ ಅವಳು ಅಪ್ಪನಿಗೆ ಹೇಳ್ತಿರೋ ದೃಶ್ಯ. ಎಲಿಜಬೆತ್ ಸೊಂಟ ಕೆಳಗೆ ಬಿಗಿಯಾಗಿದೆ, ತೋಳು ಊದಿದೆ, ಕೂದಲು 1830ರ ಫ್ಯಾಷನ್ನಿಗೆ ಕಟ್ಟಿದೆ. ಅಂದ್ರೆ ಪಿಕರಿಂಗ್ ತಮ್ಮ ಕಾಲದ ಬಟ್ಟೇನೇ ಹಾಕ್ಸಿದ್ರು, ಆಗ ಇಪ್ಪತ್ತು ವರ್ಷ ಹಳೇ ಫ್ಯಾಷನ್ ಅಂದ್ರೆ ಐತಿಹಾಸಿಕ ಅಲ್ಲ, ಬರೀ ಹಳೇದು, ನೋಡಿದೋರು ನಕ್ಕುಬಿಡ್ತಿದ್ರು. ಇದನ್ನ ರೀಜೆನ್ಸಿ ಉಡುಗೆ ಅಂತ ಸ್ಲೈಡಲ್ಲಿ ಹಾಕಿದ್ರೆ ಕೆಲಸ ಕೆಡ್ತು.

ಕಾದಂಬರಿ ಒಳಗೇ ಒಂದು ಸುಳಿವೂ ಇದೆ. ಕ್ರಿಸ್‌ಮಸ್‌ಗೆ ಎಲಿಜಬೆತ್‌ನ ಅತ್ತೆ ಮಿಸೆಸ್ ಗಾರ್ಡಿನರ್ ಲಂಡನ್ನಿಂದ ಬಂದಾಗ ಹೊಸ ಫ್ಯಾಷನ್ ಸುದ್ದಿ ಹೇಳ್ತಾಳೆ, ಉದ್ದ ತೋಳು ಬಂದಿದೆ ಅಂತ ಕೇಳಿ ಎಲಿಜಬೆತ್ ಅಮ್ಮ ಮಿಸೆಸ್ ಬೆನೆಟ್‌ಗೆ ಖುಷಿ ಆಗತ್ತೆ. ಹೀಗೆ ಬಟ್ಟೆ ಬಗ್ಗೆ ಮಾತು ಬಂತು ಅಂದ್ರೆ ಆಸ್ಟಿನ್ ಬಟ್ಟೆ ತೋರಿಸ್ತಾ ಇಲ್ಲ, ಮಾತಾಡೋರನ್ನ ತೋರಿಸ್ತಿದಾರೆ, ಅದನ್ನ ಗಮನಿಸಿ.

ಹೆಜ್ಜೆ 3: ಬಟ್ಟೆ ಯಾವುದು, ಎಲ್ಲಿಂದ ಬಂತು

ಚಿತ್ರದಲ್ಲಿ ಗೌನು ಯಾಕೆ ಬರೀ ಬಿಳಿ ಜಾಗವಾಗೇ ಬಿಟ್ಟಿರ್ತಾರೆ ಅಂದ್ರೆ ಅದು ಮಸ್ಲಿನ್. ತೆಳು ಹತ್ತಿ ಬಟ್ಟೆ. ಢಾಕಾ ಕಡೆ ನೇಯ್ದದ್ದಕ್ಕೆ ಅಲ್ಲಿ ಭಾರೀ ಹೆಸರು, ಅಷ್ಟೊತ್ತಿಗೆ ಬ್ರಿಟನ್ ಗಿರಣಿಗಳಲ್ಲೂ ಅದೇ ಥರದ್ದು ಅಗ್ಗಕ್ಕೆ ತಯಾರಾಗ್ತಿತ್ತು, ಹಾಗಾಗಿ ಇದು ನಿಜವಾದ ಇಂಡಿಯನ್ನೋ ಅಲ್ಲವೋ ಅನ್ನೋದು ದೊಡ್ಡಸ್ತಿಕೆ ವಿಷಯ. ನಾರ್ಥ್ಯಾಂಗರ್ ಅಬಿಯಲ್ಲಿ ಹೆನ್ರಿ ಟಿಲ್ನಿ ಇದನ್ನೇ ಹಿಡ್ಕೊಂಡು ಮಿಸೆಸ್ ಆಲನ್‌ನ ಆಟ ಆಡಿಸ್ತಾನೆ: ಅವಳ ಗೌನಿನ ಬಟ್ಟೆ ಗಜಕ್ಕೆ 9 ಶಿಲ್ಲಿಂಗ್ ಅಂದ್ರೆ ನಾನೂ ಅಷ್ಟೇ ಅಂದ್ಕೊಂಡೆ ಅಂತಾನೆ, ತಂಗಿಗೆ ಅಸಲಿ ಇಂಡಿಯನ್ ಮಸ್ಲಿನ್ ಗಜಕ್ಕೆ 5 ಶಿಲ್ಲಿಂಗಿಗೇ ತಂದೆ ಅಂತ ಜಂಬ ಕೊಚ್ಕೊಳ್ತಾನೆ, ಅವಳಿಗೆ ಇದು ತಮಾಷೆ ಅಂತ ಗೊತ್ತೇ ಆಗಲ್ಲ.

ಶಾಲು ಕಂಡ್ರೆ ಇನ್ನೂ ಹತ್ತಿರದಿಂದ ನೋಡಿ. ಕಾಶ್ಮೀರದ ಶಾಲು ಆಗ ಅಲ್ಲಿನ ಹೆಂಗಸರಿಗೆ ಕನಸು, ತೆಳು ಗೌನಿಗೆ ಚಳಿ ತಡೆಯೋಕೆ ಏನಾದ್ರೂ ಬೇಕಲ್ಲ. ಅಂಚಲ್ಲಿ ನಾವು ಮಾವಿನಕಾಯಿ ಡಿಸೈನ್ ಅನ್ನೋದೇ ಇರತ್ತೆ. ಬೇಡಿಕೆ ನೋಡಿ ಇಂಗ್ಲೆಂಡಿನ ನಾರಿಚ್, ಸ್ಕಾಟ್‌ಲೆಂಡಿನ ಪೇಸ್ಲಿ ಊರುಗಳಲ್ಲಿ ನಕಲು ನೇಯೋಕೆ ಶುರು ಮಾಡಿದ್ರು. ಮ್ಯಾನ್ಸ್‌ಫೀಲ್ಡ್ ಪಾರ್ಕಿನ ಲೇಡಿ ಬರ್ಟ್ರಾಮ್‌ಗೆ ಇಡೀ ಏಷ್ಯಾ ಖಂಡದಿಂದ ಬೇಕಾಗಿರೋದು ಅಂದ್ರೆ ಶಾಲು ಮಾತ್ರ. ನೌಕಾಪಡೇಲಿರೋ ಸೋದರಿ ಮಗ ವಿಲಿಯಂ ಆ ಕಡೆ ಹೋದ್ರೆ ನಂಗೊಂದು ತರ್ಲಿ ಅಂತಾಳೆ, ಮರುಕ್ಷಣ ಎರಡೇ ಇರಲಿ ಅಂತ ಸೋಫಾದ ಮೇಲಿಂದಾನೇ ತೀರ್ಮಾನ ಮಾಡ್ತಾಳೆ. ಸೆನ್ಸ್ ಅಂಡ್ ಸೆನ್ಸಿಬಿಲಿಟಿಯ ಕರ್ನಲ್ ಬ್ರಾಂಡನ್ ಇಂಡಿಯಾದಲ್ಲಿ ಸೈನ್ಯದಲ್ಲಿದ್ದು ಬಂದೋನು, ವಿಲ್ಲೋಬಿ ಅವನನ್ನ ಆಡ್ಕೊಳ್ಳೋವಾಗ ಬಳಸೋದು ನವಾಬರು, ಚಿನ್ನದ ಮೊಹರು, ಪಲ್ಲಕ್ಕಿ. ಅಲ್ಲಿ ಈ ಶಾಲು ಮಸ್ಲಿನ್ನುಗಳು ಓಡಾಡ್ತಿದ್ದ ಕಾಲಕ್ಕೇ ಇಲ್ಲಿ 1799ರ ಶ್ರೀರಂಗಪಟ್ಟಣ ಆಗಿದ್ದು, ಯುದ್ಧ ಮುಗಿದ ಮೇಲೆ ಅಲ್ಲಿ ಆಡಳಿತ ವಹಿಸ್ಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂ ಗೆದ್ದ ವೆಲಿಂಗ್ಟನ್. ಚಿತ್ರದಲ್ಲಿ ಬರೋ ಒಂದು ಶಾಲು ನೋಡಿದಾಗ ನಮ್ಮೋರಿಗೆ ಇಷ್ಟಾದ್ರೂ ನೆನಪಾಗ್ಬೇಕು.

ಹೆಜ್ಜೆ 4: ತಲೆ ಮೇಲೆ ಏನಿದೆ ನೋಡಿ, ಅತಿಥಿ ಯಾರು ಗೊತ್ತಾಗತ್ತೆ

ಇದು ನನ್ನ ಫೇವರಿಟ್ ಹೆಜ್ಜೆ. ಹಗಲು ಹೊತ್ತಲ್ಲಿ ಒಬ್ಬರ ಮನೆಗೆ ಹೋದ ಹೆಂಗಸು ಬಾನೆಟ್, ಅಂದ್ರೆ ಗಲ್ಲದ ಕೆಳಗೆ ರಿಬ್ಬನ್ ಕಟ್ಟೋ ಟೋಪಿ, ತೆಗೀತಿರಲಿಲ್ಲ, ಯಾಕಂದ್ರೆ ಈಗ ಹೊರಟೆ ಅನ್ನೋ ಥರಾನೇ ಕೂರ್ಬೇಕು. ಗಂಡಸು ಹ್ಯಾಟನ್ನ ಬಾಗಿಲಲ್ಲಿ ಆಳಿನ ಕೈಗೆ ಕೊಡದೆ ಕೋಲು ಅಥವಾ ಚಾವಟಿ ಸಮೇತ ಒಳಗೇ ತಂದು ಕೈಯಲ್ಲೋ ತೊಡೆ ಮೇಲೋ ಇಟ್ಕೊಂಡು ಕೂರ್ತಿದ್ದ. ಹಾಗಾಗಿ ಡ್ರಾಯಿಂಗ್ ರೂಮಿನ ಚಿತ್ರದಲ್ಲಿ ಬಾನೆಟ್ ಇರೋಳು ಬಂದೋಳು, ಬರೀ ತಲೇಲಿ ಅಥವಾ ಬಿಳಿ ಕ್ಯಾಪ್‌ನಲ್ಲಿ ಇರೋಳು ಮನೆಯೋಳು. ಕೆಳಗಿನ ಸಾಲು ಓದದೇನೇ ಯಾರ ಮನೆ ಅಂತ ಹೇಳ್ಬಹುದು. ಮದುವೆ ಆದೋರು, ವಯಸ್ಸಾದೋರು ಮನೆ ಒಳಗೆ ಲೇಸಿನ ಕ್ಯಾಪ್ ಹಾಕ್ತಿದ್ರು. ಆಸ್ಟಿನ್ ಮದುವೆ ಆಗದಿದ್ರೂ ಹಾಕ್ತಿದ್ರು, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಇರೋ, ಸುಮಾರು 1810ರಲ್ಲಿ ಅಕ್ಕ ಕಸ್ಸಾಂಡ್ರಾ ಬರೆದ ಚಿಕ್ಕ ಚಿತ್ರದಲ್ಲೂ ಕ್ಯಾಪ್ ಇದೆ.

ಹಗಲೋ ರಾತ್ರೀನೋ ಅನ್ನೋದೂ ಬಟ್ಟೇಲೇ ಗೊತ್ತಾಗತ್ತೆ. ಹಗಲಾದ್ರೆ ಕುತ್ತಿಗೆ ತೆಳು ಬಟ್ಟೇಲಿ ಮುಚ್ಚಿರತ್ತೆ, ತೋಳು ಸಾಮಾನ್ಯವಾಗಿ ಉದ್ದ. ಊಟಕ್ಕೆ, ಬಾಲ್ ಡ್ಯಾನ್ಸಿಗೆ ಆದ್ರೆ ಕುತ್ತಿಗೆ ತೆರೆದಿರತ್ತೆ, ಪುಟ್ಟ ತೋಳು, ಮೊಣಕೈ ದಾಟೋ ಗ್ಲೌಸು, ಕೂದಲಲ್ಲಿ ಹೂವೋ ಗರಿಯೋ ಮುತ್ತೋ. ಹೊರಗೆ ಹೊರಟ್ರೆ ಗೌನಿನ ಮೇಲೆ ಎದೆವರೆಗಷ್ಟೇ ಬರೋ ತುಂಡು ಜಾಕೆಟ್, ಅದೇ ಸ್ಪೆನ್ಸರ್, ಇಲ್ಲಾಂದ್ರೆ ಕಾಲವರೆಗೆ ಬರೋ ಉದ್ದ ಕೋಟು, ಅದು ಪೆಲಿಸ್. ಕೈಯಲ್ಲಿ ದಾರ ಎಳೆದು ಮುಚ್ಚೋ ಪುಟ್ಟ ಚೀಲ ಇರತ್ತಲ್ಲ ಅದು ರೆಟಿಕ್ಯೂಲ್, ಹಿಂದೆ ದೊಗಲೆ ಲಂಗದ ಒಳಗೆ ಸೊಂಟಕ್ಕೆ ಕಟ್ಕೊಳ್ತಿದ್ದ ಜೇಬು ಈ ಸಪೂರ ಗೌನಲ್ಲಿ ಉಬ್ಬಿ ಕಾಣತ್ತೆ ಅಂತ ಚೀಲ ಕೈಗೆ ಬಂತು.

ಹೆಜ್ಜೆ 5: ಗಂಡಸರು

ಇಲ್ಲಿ ಬೇಗ ಮುಗಿಸ್ತೀನಿ. ಮುಂದೆ ಮೊಟಕು ಹಿಂದೆ ಬಾಲ ಇರೋ ಕೋಟು, ಕತ್ತಿಗೆ ಸುತ್ತಿ ಕಟ್ಟಿದ ಗಂಜಿ ಹಾಕಿದ ಬಿಳಿ ಬಟ್ಟೆ, ಹಗಲು ಬೂಟು, ರಾತ್ರಿ ಮೊಣಕಾಲವರೆಗಿನ ಚಡ್ಡಿ ಜೊತೆ ರೇಷ್ಮೆ ಕಾಲ್ಚೀಲ. ಕೂದಲಿಗೆ ಪೌಡರ್ ಹಾಕೋ ಚಟ 1795ರಲ್ಲಿ ಅದಕ್ಕೆ ವರ್ಷಕ್ಕೆ 1 ಗಿನಿ ತೆರಿಗೆ ಹಾಕಿದ ಮೇಲೆ ಬಿದ್ದುಹೋಯ್ತು, ಹಾಗಾಗಿ ಪೌಡರ್ ತಲೆ ಅಥವಾ ವಿಗ್ ಕಂಡ್ರೆ ಒಂದೋ ಹಳೇ ಕಾಲದ ಮುದುಕರು ಇಲ್ಲಾ ದೊಡ್ಡಮನೆ ಆಳು. ಕೆಂಪು ಕೋಟು ಪ್ರೈಡ್ ಅಂಡ್ ಪ್ರೆಜುಡೀಸ್‌ನ ವಿಕಮ್ ಥರದ ಮಿಲಿಷಿಯಾ, ಅಂದ್ರೆ ದೇಶದೊಳಗಿನ ಕಾವಲು ಪಡೆಯ, ಆಫೀಸರುಗಳದ್ದು. ನೌಕಾಪಡೆಯೋರು ಮಾತ್ರ ರಜೇಲಿ ಊರಿಗೆ ಬಂದಾಗ ಯೂನಿಫಾರ್ಮ್ ಹಾಕ್ತಿರಲಿಲ್ಲ, ಮ್ಯಾನ್ಸ್‌ಫೀಲ್ಡ್ ಪಾರ್ಕಲ್ಲಿ ವಿಲಿಯಂ ತನ್ನ ಹೊಸ ಲೆಫ್ಟಿನೆಂಟ್ ಯೂನಿಫಾರ್ಮನ್ನ ಇದೇ ಕಾರಣಕ್ಕೆ ಮನೆಯೋರಿಗೆ ತೋರಿಸೋಕಾಗದೆ ಒದ್ದಾಡ್ತಾನೆ. ಪರ್ಸುಯೇಷನ್‌ನ ಯಾವುದೋ ಚಿತ್ರದಲ್ಲಿ ಕ್ಯಾಪ್ಟನ್ ವೆಂಟ್‌ವರ್ತ್ ಪೂರ್ತಿ ಯೂನಿಫಾರ್ಮಲ್ಲಿ ಯಾರದೋ ಮನೆ ಹಜಾರದಲ್ಲಿ ನಿಂತಿದ್ರೆ ಅದು ಚಿತ್ರಕಾರರ ಆಸೆ ಅಷ್ಟೇ.

ವಯಸ್ಸೂ ಚೆಕ್ ಮಾಡಿ. ಪ್ರೈಡ್ ಅಂಡ್ ಪ್ರೆಜುಡೀಸ್‌ನ ಮಿಸ್ಟರ್ ಕಾಲಿನ್ಸ್‌ನ ಎಷ್ಟೋ ಚಿತ್ರಗಳಲ್ಲಿ ಸಿನಿಮಾಗಳಲ್ಲಿ ನಡುವಯಸ್ಸಿನ ಕುಳ್ಳ ಪಾದ್ರಿ ಮಾಡ್ತಾರೆ. ಕಾದಂಬರೀಲಿ ಅವನಿಗೆ 25, ಎತ್ತರದ ದಪ್ಪ ಆಸಾಮಿ. ಅವನನ್ನ ಮದುವೆ ಆಗೋ ಷಾರ್ಲಟ್‌ಗೇ 27.

ಹೆಜ್ಜೆ 6: ಈಗ ಭೇಟಿ. ಇಲ್ಲಿ ಕಾದಂಬರಿ ತೆರೆದು ಪಕ್ಕದಲ್ಲಿ ಇಟ್ಕೊಳ್ಳಿ

ಹಗಲಿನ ಭೇಟಿಗೆ ಅವರು ಬೆಳಗಿನ ಭೇಟಿ ಅಂತಿದ್ರೂ ಅದು ನಡೀತಿದ್ದದ್ದು ತಿಂಡಿ ಆದ ಮೇಲಿಂದ ಸಂಜೆ ಊಟದ ತನಕ, ಹೆಚ್ಚಾಗಿ ಮಧ್ಯಾಹ್ನ. ಹಳ್ಳಿ ಕಡೆ ಊಟ ನಾಲ್ಕಕ್ಕೋ ಐದಕ್ಕೋ, ಫ್ಯಾಷನ್ ಮನೆಗಳಲ್ಲಿ ತಡ, ಪ್ರೈಡ್ ಅಂಡ್ ಪ್ರೆಜುಡೀಸಲ್ಲಿ ಬಿಂಗ್ಲಿ ಇರೋ ಮನೆ ನೆದರ್‌ಫೀಲ್ಡಲ್ಲಿ ಐದಕ್ಕೆ ಡ್ರೆಸ್ ಮಾಡ್ಕೊಳ್ಳೋಕೆ ಹೋಗಿ ಆರೂವರೆಗೆ ಊಟಕ್ಕೆ ಕೂರ್ತಾರೆ. ಒಂದು ಭೇಟಿ ಕಾಲು ಗಂಟೆ ಆದ್ರೆ ಸಾಕು. ಹೋದ ಮನೆಯೋರು ಕೆಲವು ದಿನದಲ್ಲಿ ತಿರುಗಿ ಬರ್ಬೇಕು, ಬರದಿದ್ರೆ ಅದೇ ಉತ್ತರ. ಹೊಸಬರು ಊರಿಗೆ ಬಂದ್ರೆ ಮೊದಲು ಈ ಮನೆ ಗಂಡಸು ಹೋಗಿ ಪರಿಚಯ ಮಾಡ್ಕೋಬೇಕು, ಆಮೇಲೇ ಹೆಂಗಸರಿಗೆ ದಾರಿ. ಪ್ರೈಡ್ ಅಂಡ್ ಪ್ರೆಜುಡೀಸ್ ಶುರು ಆಗೋದೇ ಈ ಜಗಳದಿಂದ: ಮಿಸ್ಟರ್ ಬೆನೆಟ್ ಹೋಗಲ್ಲ ಅಂದ್ರೆ ಐದು ಹೆಣ್ಣುಮಕ್ಕಳಿಗೆ ಊರಿಗೆ ಹೊಸದಾಗಿ ಬಂದ ಶ್ರೀಮಂತ ಬಿಂಗ್ಲಿ ಪರಿಚಯ ಆಗೋ ಹಾಗಿಲ್ಲ. ಅವನು ಕದ್ದು ಹೋಗಿ ಬಂದಿರ್ತಾನೆ. ಬಿಂಗ್ಲಿ ತಿರುಗಿ ಬಂದು ಲೈಬ್ರರೀಲಿ ಸುಮಾರು 10 ನಿಮಿಷ ಕೂತು ಹೋಗ್ತಾನೆ, ಹುಡುಗೀರಿಗೆ ಸಿಕ್ಕಿದ್ದು ಮಹಡಿ ಕಿಟಕಿಯಿಂದ ಕಂಡ ನೀಲಿ ಕೋಟು ಮತ್ತು ಕಪ್ಪು ಕುದುರೆ. ಥಾಮ್ಸನ್ ಆ ಕಪ್ಪು ಕುದುರೇನ ಬಿಡದೆ ಹಿಡ್ಕೊಂಡು ಒಂದು ಚಿತ್ರಾನೇ ಮಾಡಿದಾರೆ. ಅವರ ದಾರಿ ಅದೇ, ಅರ್ಧ ಸಾಲಲ್ಲಿ ಹಾದುಹೋಗೋ ಮಾತು ಕಂಡ್ರೆ ನಿಂತು ಚಿತ್ರ ಬರೀತಾರೆ, ಚಿಕ್ಕೋಳಾದ್ರೂ ನಾನೇ ಎತ್ತರ ಅಂತ ಲಿಡಿಯಾ ಅನ್ನೋದಕ್ಕೂ ಒಂದು ಚಿತ್ರ ಇದೆ.

ನಿಮಿಷದ ಲೆಕ್ಕ ಎಷ್ಟು ಚುಚ್ಚತ್ತೆ ಅಂತ ನೋಡ್ಬೇಕಾದ್ರೆ ಎಮ್ಮಾ ತೆಗೀರಿ. ನಾಯಕಿ ಎಮ್ಮಾಳ ಗೆಳತಿ ಹ್ಯಾರಿಯೆಟ್ ಹಿಂದೆ ರೈತರಾದ ಮಾರ್ಟಿನ್‌ಗಳ ಮನೇಲಿ ಆರು ವಾರ ಸಂತೋಷವಾಗಿ ಇದ್ದು ಬಂದೋಳು. ಈಗ ಎಮ್ಮಾ ಅವಳನ್ನ ತನ್ನ ಗಾಡೀಲಿ ಆ ಮನೆ ಗೇಟಲ್ಲಿ ಇಳಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಹತ್ತಿಸ್ಕೊಳ್ತಾಳೆ. 14 ನಿಮಿಷ. ಬರಲ್ಲ ಅನ್ನೋದಕ್ಕಿಂತ ಹೀಗೆ ಬಂದದ್ದೇ ಜಾಸ್ತಿ ನೋವು, ಅದು ಎಮ್ಮಾಗೂ ಗೊತ್ತು. ಪ್ರೈಡ್ ಅಂಡ್ ಪ್ರೆಜುಡೀಸಲ್ಲಿ ಬಿಂಗ್ಲಿ ಸೋದರಿ ಕ್ಯಾರೊಲೈನ್ ಲಂಡನ್ನಲ್ಲಿ ಎಲಿಜಬೆತ್ ಅಕ್ಕ ಜೇನ್‌ಗೆ ಮಾಡೋದೂ ಅದೇ, ಜೇನ್ ಹದಿನೈದು ದಿನ ಬೆಳಿಗ್ಗೆಯೆಲ್ಲ ಮನೇಲೇ ಕಾದು ಕೂತ ಮೇಲೆ ಬರ್ತಾಳೆ, ಬಂದ ಹಾಗೇ ಹೊರಡ್ತಾಳೆ. ಅಲ್ಲಿಗೆ ಸ್ನೇಹ ಮುಗೀತು ಅಂತ ಜೇನ್‌ಗೂ ಅರ್ಥ ಆಗತ್ತೆ, ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. ಇಂಥ ದೃಶ್ಯದ ಚಿತ್ರ ಸಿಕ್ಕಿದ್ರೆ ಬಟ್ಟೆ ಬಿಟ್ಟು ಕೂತಿರೋ ರೀತಿ ನೋಡಿ: ಕುರ್ಚಿ ಅಂಚಲ್ಲಾ, ಒರಗಿಕೊಂಡಾ, ಗ್ಲೌಸ್ ತೆಗೆದಿದಾಳಾ ಇಲ್ಲವಾ.

ವಿಸಿಟಿಂಗ್ ಕಾರ್ಡನ್ನೂ ಹುಡುಕಿ, ಮೇಜಿನ ಮೇಲೋ ಅಗ್ಗಿಷ್ಟಿಕೆ ಮೇಲಿನ ಹಲಗೆ ಮೇಲೋ ಇರತ್ತೆ. ಪರ್ಸುಯೇಷನ್‌ನ ಸರ್ ವಾಲ್ಟರ್ ಎಲಿಯಟ್ ಮನೇಲಿ ಲೇಡಿ ಡಾಲ್‌ರಿಂಪಲ್ ಕಾರ್ಡನ್ನ ಬಂದೋರ ಕಣ್ಣಿಗೆ ಬೀಳೋ ಜಾಗದಲ್ಲೇ ಜೋಡಿಸಿ ಇಟ್ಟಿರ್ತಾರೆ. ಮನೇಲಿ ಇದ್ಕೊಂಡೇ ಇಲ್ಲ ಅಂತ ಆಳಿನ ಕೈಲಿ ಹೇಳಿಸೋದೂ ಇತ್ತು, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳೋ ಹಾಗಿರಲಿಲ್ಲ.

ತಿನ್ನೋಕೆ ಏನು ಕೊಟ್ರು ಅನ್ನೋದು ಇನ್ನೊಂದು ಪರೀಕ್ಷೆ. ಹಗಲಿನ ಭೇಟಿ ಚಿತ್ರದಲ್ಲಿ ಟೀ ಪಾಟು, ಕಪ್ಪು ಸಾಸರು ಜೋಡಿಸಿದ್ರೆ ಅನುಮಾನ ಪಡಿ. ಆಗ ಟೀ ಕುಡೀತಿದ್ದದ್ದು ತಿಂಡಿ ಜೊತೆ, ಇಲ್ಲಾ ಸಂಜೆ ಊಟ ಆಗಿ ಒಂದಷ್ಟು ಹೊತ್ತಾದ ಮೇಲೆ, ನಾಲ್ಕು ಗಂಟೆ ಟೀ ಅನ್ನೋ ಪದ್ಧತಿ 1840ರ ದಶಕದ ಮೇಲೆ ಬಂದದ್ದು. ಡಾರ್ಸಿ ಮನೆ ಪೆಂಬರ್ಲಿಯಲ್ಲಿ ಎಲಿಜಬೆತ್ ಭೇಟಿಗೆ ಹೋದಾಗ ಬರೋದು ತಣ್ಣನೆ ಮಾಂಸ, ಕೇಕು, ದ್ರಾಕ್ಷಿ, ನೆಕ್ಟರಿನ್, ಪೀಚ್. ಎಮ್ಮಾ ಕಾದಂಬರೀಲಿ ಬಡತನದಲ್ಲಿರೋ ಮಿಸ್ ಬೇಟ್ಸ್ ಮನೇಲಿ ಕಪಾಟಿಂದ ಸಿಹಿ ಕೇಕು.

ಹೆಜ್ಜೆ 7: ಬಾಗಿಲಾಚೆ ನಿಂತಿರೋ ಗಾಡಿ

ಚಕ್ರ ಎಷ್ಟು, ಕುದುರೆ ಎಷ್ಟು ಅಂತ ಎಣಿಸಿ. ಎರಡು ಚಕ್ರ ಒಂದು ಕುದುರೆ ಇದ್ರೆ ಗಿಗ್, ಮಿಸ್ಟರ್ ಕಾಲಿನ್ಸ್‌ದು, ನಾರ್ಥ್ಯಾಂಗರ್ ಅಬಿಯ ಜಾನ್ ಥಾರ್ಪ್‌ದು. ಎರಡು ಚಕ್ರ ಎರಡು ಕುದುರೆ ಇದ್ರೆ ಕರಿಕಲ್, ಹೆನ್ರಿ ಟಿಲ್ನಿ ಥರದ ಸೊಗಸುಗಾರರದ್ದು. ನಾಲ್ಕು ಕುದುರೆ ಕಟ್ಟಿದ ಮುಚ್ಚಿದ ಸಾರೋಟು ಅಂದ್ರೆ ದುಡ್ಡಿನ ಮನೆ. ಡಾರ್ಸಿ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಎಲಿಜಬೆತ್‌ನ ಬೆದರಿಸೋಕೆ ಬರೋ ದೃಶ್ಯದಲ್ಲಿ ಆಸ್ಟಿನ್ ಗಾಡಿ ಒಂದರಿಂದಲೇ ಎಲ್ಲ ಹೇಳ್ತಾರೆ: ನಾಲ್ಕು ಕುದುರೆ, ಆದ್ರೆ ಬಾಡಿಗೆ ಕುದುರೆ, ಅಂದ್ರೆ ದೂರದಿಂದ ದಾರೀಲಿ ಬದಲಾಯಿಸ್ಕೊಂಡು ಬಂದಿದಾರೆ, ಆಳಿನ ಯೂನಿಫಾರ್ಮ್ ಯಾರದ್ದು ಗೊತ್ತಿಲ್ಲ, ಮೇಲೆ ಯಾರೂ ಭೇಟಿಗೆ ಬರದಷ್ಟು ಬೇಗ. ಅವಳ ಮಗಳು ಮಿಸ್ ಡಿ ಬರ್ಗ್ ತಗ್ಗಿನ ಫೇಟನ್ ಗಾಡೀಲಿ ಕಾಲಿನ್ಸ್ ಮನೆ ಗೇಟಿಗೆ ಬಂದು ಒಳಗೆ ಕಾಲಿಡದೆ ಷಾರ್ಲಟ್‌ನ ಆ ಗಾಳೀಲಿ ಹೊರಗೇ ನಿಲ್ಲಿಸಿ ಮಾತಾಡಿಸ್ತಾಳೆ, ಎಲಿಜಬೆತ್‌ಗೆ ಮೈ ಉರಿಯತ್ತೆ. ಅದನ್ನ ಬರೆದ ಚಿತ್ರ ಸಿಕ್ಕಿದ್ರೆ ಗೇಟಿನ ಯಾವ ಕಡೆ ಯಾರು ಅನ್ನೋದೇ ವಿಷಯ.

ಗಾಡಿ ಇಲ್ಲದೆ 3 ಮೈಲಿ ಕೆಸರಲ್ಲಿ ನಡ್ಕೊಂಡು ಎಲಿಜಬೆತ್ ನೆದರ್‌ಫೀಲ್ಡಿಗೆ ಹೋದಾಗ ಒಳಲಂಗ 6 ಇಂಚು ಕೆಸರಾಗಿತ್ತು ಅಂತ ಬಿಂಗ್ಲಿ ಮನೆ ಹೆಂಗಸರು ಆಡ್ಕೊಳ್ತಾರೆ. ಆ ನಡಿಗೆಯ ಚಿತ್ರದಲ್ಲಿ ಅಂಚು ಬೆಳ್ಳಗೆ ಇದ್ರೆ ಚಿತ್ರಕಾರರು ಕಾದಂಬರಿಗಿಂತ ಸುಂದರಿ ಕಡೆ ವಾಲಿದಾರೆ ಅಂತ ಬರ್ಕೊಳ್ಳಿ.

ಹೆಜ್ಜೆ 8: ಆ ಕಾಲದಲ್ಲೇ ಬರೆದದ್ದರ ಪಕ್ಕ ಇಡಿ

ಇದು ಬಿಟ್ರೆ ಮೇಲಿನದ್ದೆಲ್ಲ ಅರ್ಧ ಕೆಲಸ. ರುಡಾಲ್ಫ್ ಆಕರ್‌ಮನ್ ಲಂಡನ್ನಲ್ಲಿ 1809ರಿಂದ ತಂದ ರೆಪಾಸಿಟರಿ ಆಫ್ ಆರ್ಟ್ಸ್, 1806ರಿಂದ ಬಂದ ಲಾ ಬೆಲ್ ಅಸಾಂಬ್ಲೆ, ಎರಡರಲ್ಲೂ ಕೈಯಲ್ಲಿ ಬಣ್ಣ ಹಚ್ಚಿದ ಫ್ಯಾಷನ್ ಚಿತ್ರಗಳು ಬರ್ತಿದ್ವು, ಸ್ಕ್ಯಾನ್ ಆನ್‌ಲೈನಲ್ಲೇ ಇದಾವೆ, ಪ್ರತಿ ಚಿತ್ರಕ್ಕೂ ತಿಂಗಳು ವರ್ಷ ಇರೋದ್ರಿಂದ ಹೋಲಿಸೋಕೆ ಸಲೀಸು. ಆದ್ರೆ ಅವು ಲಂಡನ್ನಿನ ಹೊಚ್ಚ ಹೊಸ ಫ್ಯಾಷನ್, ಹಳ್ಳಿ ಹುಡುಗೀರು ಅದನ್ನ ನೋಡಿ ಹಳೇ ಗೌನಿಗೇ ಹೊಸ ಪಟ್ಟಿ ಹೊಲ್ಕೊಳ್ತಿದ್ರು, ಆಸ್ಟಿನ್ ಕಾಗದಗಳ ತುಂಬ ಇಂಥದ್ದೇ, ಈ ಕ್ಯಾಪಿಗೆ ಯಾವ ರಿಬ್ಬನ್, ಆ ಗೌನಿಗೆ ಬಣ್ಣ ಹಾಕ್ಸೋದಾ ಅಂತ. ಅದಕ್ಕೇ ಡಯಾನಾ ಸ್ಪರ್ಲಿಂಗ್ ಬರೆದ ಜಲವರ್ಣಗಳನ್ನೂ ನೋಡಿ ಅಂತೀನಿ. ಎಸೆಕ್ಸ್ ಕಡೆಯ ಒಂದು ಜಮೀನ್ದಾರಿ ಮನೆ ಹುಡುಗಿ, 1812ರಿಂದ 1823ರವರೆಗೆ ತನ್ನ ಮನೆಯೋರನ್ನೇ ಮನೆಯೋರ ಖುಷಿಗೆ ಬರೆದದ್ದು. ಅದರಲ್ಲಿ ಜನ ಕೆಸರಲ್ಲಿ ಜಾರ್ತಾರೆ, ಕತ್ತೆ ಮೇಲಿಂದ ಬೀಳ್ತಾರೆ, ಗೋಡೆಗೆ ಕಾಗದ ಅಂಟಿಸ್ತಾರೆ. ಇದನ್ನ ನೋಡಿ ಆಮೇಲೆ ಬ್ರಾಕ್ ಅವರ 1907ರ ಬಣ್ಣದ ಚಿತ್ರ ನೋಡಿದ್ರೆ ಅದು ಎಷ್ಟು ಇಸ್ತ್ರಿ ಮಾಡಿದ ಹಾಗಿದೆ ಅಂತ ತಟ್ಟನೆ ಕಾಣತ್ತೆ.

ಹೆಜ್ಜೆ 9: ಬಳಸ್ಕೊಳ್ಳೋದಾದ್ರೆ

ಬ್ಲಾಗು, ಸ್ಲೈಡು, ಕನ್ನಡ ಅನುವಾದದ ಮುಖಪುಟ, ಯಾವುದಕ್ಕಾದ್ರೂ ಸರಿ, ನಮ್ಮ ದೇಶದಲ್ಲಿ ಚಿತ್ರಕಾರರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷಕ್ಕೆ ಕಾಪಿರೈಟ್ ಮುಗಿಯತ್ತೆ. ಥಾಮ್ಸನ್ ಹೋಗಿದ್ದು 1920ರಲ್ಲಿ, ಸಿ. ಇ. ಬ್ರಾಕ್ 1938ರಲ್ಲಿ, ಇಬ್ಬರದ್ದೂ ಧಾರಾಳವಾಗಿ ಬಳಸಿ. ತಮ್ಮ ಎಚ್. ಎಂ. ಬ್ರಾಕ್ ಮಾತ್ರ 1960ರವರೆಗೆ ಇದ್ರು, ಇಲ್ಲಿ ಅವರದ್ದು 2021ರಿಂದ ಮುಕ್ತ, ಆದ್ರೆ ಬ್ರಿಟನ್ನಲ್ಲಿ 70 ವರ್ಷದ ಲೆಕ್ಕ, ಅಲ್ಲಿ 2031ರ ತನಕ ಕಾಯ್ಬೇಕು, ಲಂಡನ್ನಲ್ಲಿ ಇರೋ ಕನ್ನಡ ಬಳಗದೋರು ಅಲ್ಲೇ ಪುಸ್ತಕ ಅಚ್ಚು ಹಾಕಿಸೋದಾದ್ರೆ ಅಣ್ಣನ ಚಿತ್ರಾನಾ ತಮ್ಮನದ್ದಾ ಅಂತ ಟೈಟಲ್ ಪೇಜಲ್ಲಿ ಎರಡು ಸಲ ನೋಡ್ಕೊಳ್ಳಿ. ಥಾಮ್ಸನ್ ರೇಖಾಚಿತ್ರಗಳಲ್ಲಿ ಬೂದು ಬಣ್ಣ ಅನ್ನೋದೇ ಇಲ್ಲ, ನೆರಳೂ ಗೆರೆಗಳಲ್ಲೇ, ಹಾಗಾಗಿ ವಾಟ್ಸಾಪಲ್ಲಿ ಬಂದ ಚಿಕ್ಕ ಜೆಪೆಗ್ ಹಾಕಿದ್ರೆ ಮಸ್ಲಿನ್ನಿನ ಮಡಿಕೆಯೆಲ್ಲ ಕಲಸಿಹೋಗತ್ತೆ, ಆರ್ಕೈವಲ್ಲಿ ಸಿಗೋ ದೊಡ್ಡ ಫೈಲನ್ನೇ ಇಳಿಸ್ಕೊಳ್ಳಿ, ಕೆಳಗೆ ಹೆಸರು ವರ್ಷ ಎರಡೂ ಹಾಕಿ.